ಐದು ನಮಃಶಿವಾಯದ ಪ್ರೊಸೆಸರ್

ಬಿಸಿಯನ್ನು ಡಿಗ್ರಿಯಲ್ಲಿ ಅಳೆಯಬೇಕು ಎಂದು ನಾನು ಮೂವತ್ತೆರಡು ವರ್ಷ ತರೀಕೆರೆಯ ಮಕ್ಕಳಿಗೆ ಪಾಠ ಮಾಡಿದ್ದೇನೆ. ನನ್ನ ಗೆಳೆಯ ತೀರ್ಥಪ್ಪ ಮಾತ್ರ ಇವತ್ತಿಗೂ ನಮಃಶಿವಾಯದಲ್ಲೇ ಅಳೆಯುತ್ತಾನೆ. ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಅದರ ಶಾಖ ಹೀರಿಕೊಳ್ಳಲೆಂದು ಕೂರಿಸುವ ಲೋಹದ ಗಟ್ಟಿಗೆ, ಅಂದರೆ ಹೀಟ್‌ಸಿಂಕಿಗೆ, ಬಲ ಅಂಗೈ ಒತ್ತಿ, ಕಣ್ಣು ಮುಚ್ಚಿ, ‘ಓಂ ನಮಃ ಶಿವಾಯ’ ಎಂದು ನಿಧಾನವಾಗಿ ಶುರುಮಾಡುತ್ತಾನೆ. ಐದು ಸಲ ಹೇಳುವವರೆಗೂ ಕೈ ತಡೆದುಕೊಂಡರೆ ಮಾಲು ಗಟ್ಟಿ. ಮೂರಕ್ಕೇ ಕೈ ಕಿತ್ತರೆ ಫ್ಯಾನು ಬದಲಾಯಿಸಬೇಕು. ಒಂದಕ್ಕೇ ಕಿತ್ತರೆ ಗಿರಾಕಿಗೆ ಕಾಫಿ ತರಿಸುತ್ತಾನೆ. ತೀರ್ಥಪ್ಪ ತಾನಾಗಿ ಕಾಫಿ ತರಿಸಿದ ಎಂದರೆ ಸುದ್ದಿ ಚೆನ್ನಾಗಿಲ್ಲ ಎಂದು ಅರ್ಥ.

ನನಗೆ ಈ ಲೆಕ್ಕದ ಮೇಲೆ ಮೊದಲಿನಿಂದಲೂ ಸಿಟ್ಟು. ಸಿಟ್ಟಿದ್ದರೂ ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ಬಸ್ ಸ್ಟ್ಯಾಂಡಿನ ಹಿಂದಿರುವ ಅವನ ಅಂಗಡಿಗೆ ಹೋಗಿ ಕೂರುವುದು ತಪ್ಪಿಲ್ಲ, ಮನೆಯಲ್ಲಿದ್ದರೆ ತರಕಾರಿ ಹೆಚ್ಚಲು ಕೊಡುತ್ತಾರೆ. ಒಂದು ಸಲ ಎರಡು ವಾರ ಕಷ್ಟಪಟ್ಟು, ಥರ್ಮಾಮೀಟರ್ ಇಟ್ಟುಕೊಂಡು ಅವನ ಅಂಗೈಯನ್ನು ಪರೀಕ್ಷೆ ಮಾಡಿದೆ. ಐದು ನಮಃಶಿವಾಯ ಎಂದರೆ ಐವತ್ತು ಡಿಗ್ರಿ, ಮೂರೆಂದರೆ ಐವತ್ತೈದು, ಒಂದೆಂದರೆ ಅರವತ್ತು ದಾಟಿತು. ಎರಡು ವಾರದಲ್ಲಿ ಅವನು ಒಮ್ಮೆಯೂ ಎರಡು ಡಿಗ್ರಿಗಿಂತ ಹೆಚ್ಚು ತಪ್ಪಲಿಲ್ಲ, ಇದು ನನಗೆ ಇನ್ನೂ ಬೇಜಾರಿನ ವಿಷಯ. ಅದನ್ನೆಲ್ಲ ಅಂದವಾಗಿ ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಟ್ಟೆ. ಮರುದಿನ ನೋಡಿದರೆ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದ.

ಈ ವಿದ್ಯೆ ಅವನಿಗೆ ಬಂದದ್ದು ಕಡೂರಿನ ಗಿಡ್ಡಪ್ಪನಿಂದ. ತೀರ್ಥಪ್ಪ ಹುಟ್ಟಿದ್ದು ಹಿರೇನಲ್ಲೂರಿನಲ್ಲಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಪರೀಕ್ಷೆಗೆಂದು ಕಡೂರಿಗೆ ಹೋದವನು ಪರೀಕ್ಷೆ ಬಿಟ್ಟು ಗಿಡ್ಡಪ್ಪನ ಮೋಟಾರ್ ವೈಂಡಿಂಗ್ ಅಂಗಡಿ ಸೇರಿದ. ಆಗ ಕೊಳವೆಬಾವಿಗಳು ಹೊಸದು, ಕರೆಂಟಿನ ವೋಲ್ಟೇಜು ಏರುಪೇರು, ದಿನಕ್ಕೆ ಹತ್ತು ಮೋಟಾರು ಸುಟ್ಟುಕೊಂಡು ಬರುತ್ತಿದ್ದವು. ಹೊಸ ತಂತಿ ಸುತ್ತಿದ ಮೋಟಾರನ್ನು ಒಂದಿಷ್ಟು ಹೊತ್ತು ಓಡಿಸಿ, ಅದರ ಮೈ ಮೇಲೆ ಅಂಗೈ ಇಟ್ಟು ಐದು ಸಲ ಶಿವನನ್ನು ನೆನೆಯಬೇಕು, ಆಮೇಲೇ ಅದನ್ನು ಮನೆಗೆ ಕಳಿಸಬೇಕು ಎನ್ನುವುದು ಗಿಡ್ಡಪ್ಪನ ಕಾನೂನು. ಗಿಡ್ಡಪ್ಪನಿಗೆ ಗಡಿಯಾರ ಇರಲಿಲ್ಲ, ಶಿವನ ಮೇಲೆ ನಂಬಿಕೆ ಇತ್ತು. ಒಂದೇ ಮಾತಿನಲ್ಲಿ ಎರಡೂ ಕೆಲಸ ಮುಗಿಸಿಕೊಂಡಿದ್ದ ಮನುಷ್ಯ.

ರೈತರೂ ಕಡಿಮೆಯವರಲ್ಲ. “ಪ್ಲೇಟಲ್ಲಿ ಐದೇ ಇರ್ಲಿ, ಒಳಗೆ ಏಳೂವರೆ ಸುತ್ಕೊಡಿ” ಎಂದು ಗುಟ್ಟಾಗಿ ಕೇಳುತ್ತಿದ್ದರು. ಪ್ಲೇಟಿನ ಮೇಲೆ ಐದು ಎಚ್.ಪಿ. ಎಂದು ಬರೆದ ಮೋಟಾರಿಗೆ ಏಳೂವರೆಯ ತಂತಿ ಸುತ್ತಿದರೆ ನೀರು ಜಾಸ್ತಿ ಬರುತ್ತದೆ, ಜೊತೆಗೆ ಬಿಸಿಯೂ ಜಾಸ್ತಿ. ಎಷ್ಟು ಆಸೆಗೆ ಎಷ್ಟು ಬಿಸಿ ಎನ್ನುವ ಲೆಕ್ಕವನ್ನು ತೀರ್ಥಪ್ಪ ಹದಿನೈದು ವರ್ಷ ಅಲ್ಲಿ ಅಂಗೈಯಲ್ಲೇ ಕಲಿತ. ಮುಂದೆ ಯಾರೋ ಅವನಿಗೆ ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ವೇಗವಾಗಿ ಓಡಿಸುವ ಓವರ್‌ಕ್ಲಾಕಿಂಗ್ ಎಂದರೇನು ಎಂದು ವಿವರಿಸಲು ಹೊರಟಾಗ ಅರ್ಧಕ್ಕೇ ನಿಲ್ಲಿಸಿ, “ಗೊತ್ತಾಯ್ತು ಬಿಡಿ, ಪ್ಲೇಟಲ್ಲಿ ಐದು, ಒಳಗೆ ಏಳೂವರೆ” ಎಂದನಂತೆ. ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಹಾಗೆಂದು ಅವನ ಎದುರು ಒಪ್ಪಿಕೊಂಡಿಲ್ಲ.

ಕಂಪ್ಯೂಟರಿಗೆ ಅವನು ಬಂದದ್ದು ಹಿಂಬಾಗಿಲಿನಿಂದ. ಮದುವೆಯಾಗಿ ತರೀಕೆರೆಗೆ ಬಂದು ವೈಂಡಿಂಗ್ ಅಂಗಡಿ ಇಟ್ಟಿದ್ದಾಗ ಒಂದು ಟ್ರೈನಿಂಗ್ ಸೆಂಟರಿನವರು ಸುಟ್ಟ ಯುಪಿಎಸ್ ತಂದುಕೊಟ್ಟರು. ಅದನ್ನು ಸರಿಮಾಡಿ ಕೊಡಲು ಹೋದವನು, ಅಲ್ಲಿ ಬಿಚ್ಚಿಟ್ಟಿದ್ದ ಕಂಪ್ಯೂಟರಿನೊಳಗೆ ಫ್ಯಾನು ಇರುವುದನ್ನು ಕಂಡ. ಫ್ಯಾನು ಇದೆ ಎಂದರೆ ಬಿಸಿ ಇದೆ, ಬಿಸಿ ಇದೆ ಎಂದರೆ ಅದು ತನ್ನ ಕೆಲಸ ಎಂದು ತೀರ್ಮಾನಿಸಿದ. ಎರಡು ವರ್ಷದಲ್ಲಿ ಬೋರ್ಡು ‘ತೀರ್ಥ ಕಂಪ್ಯೂಟರ್ಸ್’ ಎಂದಾಯಿತು. ಹೊಸ ಬಣ್ಣದ ಕೆಳಗೆ ‘ಮೋಟಾರ್ ವೈಂಡಿಂಗ್’ ಎನ್ನುವ ಹಳೆಯ ಅಕ್ಷರ ಈಗಲೂ ಕಾಣುತ್ತದೆ. ಅದನ್ನು ನೋಡಿ ವರ್ಷಕ್ಕೊಬ್ಬರಾದರೂ ಮೋಟಾರು ಹೊತ್ತು ತರುತ್ತಾರೆ, ಇವನೂ ಇಲ್ಲ ಎನ್ನುವುದಿಲ್ಲ.

ಪ್ರೊಸೆಸರುಗಳನ್ನು ಹೋಲಿಸಿ ನೋಡುವುದರಲ್ಲಿ ಅವನದೇ ಒಂದು ಶಾಸ್ತ್ರವಿದೆ. ಕಂಪನಿಗಳ ಹೆಸರು ಹೇಳುವುದಿಲ್ಲ. ನೀಲಿ ಡಬ್ಬಿ, ಕೆಂಪು ಡಬ್ಬಿ ಎನ್ನುತ್ತಾನೆ, ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಂಬಂತೆ. ಎಷ್ಟು ಕೋರು, ಎಷ್ಟು ಗಿಗಾಹರ್ಟ್ಸ್ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. “ಓಡೋದು ಎಲ್ಲಾ ಓಡ್ತವೆ ಮೇಷ್ಟ್ರೇ. ಓಡಿದ ಮೇಲೆ ಎಷ್ಟು ಬೆವರ್ತವೆ, ಅದನ್ನ ಹೇಳಿ” ಎನ್ನುತ್ತಾನೆ. ಒಂದೇ ಮದುವೆಯ ವಿಡಿಯೋವನ್ನು ಎರಡೂ ಮಷೀನಿಗೆ ಹಾಕಿ, ಯಾವುದು ಎಷ್ಟು ನಿಮಿಷಕ್ಕೆ ಮುಗಿಸಿತು ಎಂದು ಗಡಿಯಾರದಲ್ಲಿ ನೋಡಿ, ಎಷ್ಟು ಬಿಸಿಯಾಯಿತು ಎಂದು ಅಂಗೈಯಲ್ಲಿ ನೋಡಿ, ಎರಡನ್ನೂ ಸೇರಿಸಿ ಒಂದು ಮಾತು ಹೇಳುತ್ತಾನೆ. ಆ ಮಾತನ್ನು ನಂಬಿ ಅಜ್ಜಂಪುರ, ಕಡೂರಿನಿಂದಲೂ ಜನ ಬರುತ್ತಾರೆ.

ಅಂಗೈಯ ಮೇಲೆ ಇಷ್ಟು ನಂಬಿಕೆ ಇರುವವನು ಕಣ್ಣನ್ನು ಗಾಳಿಗೆ ತೂರಿದ್ದ. ಐದು ವರ್ಷದಿಂದ ಹತ್ತಿರದ್ದು ಅವನಿಗೆ ಸರಿಯಾಗಿ ಕಾಣುವುದಿಲ್ಲ. ಸ್ಕ್ರೂ ಬಿದ್ದರೆ ನೆಲ ತಡವುತ್ತಾನೆ. ಅವನ ಹೆಂಡತಿ ಗುರುಶಾಂತಮ್ಮನವರು ಕನ್ನಡಕ ಮಾಡಿಸಿಕೊಳ್ಳಿ ಎಂದು ಹೇಳಿ ಹೇಳಿ ಸುಸ್ತಾಗಿದ್ದಾರೆ. “ಕೈ ನೋಡ್ತೈತಲ್ಲ, ಕಣ್ಣಿಗ್ಯಾಕೆ ಖರ್ಚು” ಎನ್ನುವುದು ಇವನ ಉತ್ತರ.

ಕಳೆದ ಮಾರ್ಚಿನಲ್ಲಿ ಒಂದು ದಿನ ತೀರ್ಥಪ್ಪ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಅಂಗಡಿಗೆ ಬಂದ. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿಬಿದ್ದಿತ್ತು, ಅವನಿಗೆ ತಿಳಿದೇ ಇರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನೂ ನಕ್ಕ. ಒಂದು ವಾರದ ಮೇಲೆ ಡಾಕ್ಟರ ಚೀಟಿ ತಂದು ನನ್ನ ಮುಂದಿಟ್ಟಾಗ ಇಬ್ಬರೂ ನಗಲಿಲ್ಲ. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇದೆ, ಪಾದದ ಸ್ಪರ್ಶ ಆಗಲೇ ಕಡಿಮೆಯಾಗಿದೆ, ಮಾತ್ರೆ ಸರಿಯಾಗಿ ತೆಗೆದುಕೊಳ್ಳದಿದ್ದರೆ ಅಂಗೈಗೂ ಬರಬಹುದು ಎಂದಿದ್ದರಂತೆ.

“ಕಾಲು ಹೋದ್ರೆ ಹೋಗ್ಲಿ ಮೇಷ್ಟ್ರೇ, ಕೂತ್ಕಂಡು ಮಾಡೋ ಕೆಲ್ಸ. ಕೈ ಹೋದ ದಿವ್ಸ ಶಟರ್ ಎಳ್ದ್ಬಿಡ್ತೀನಿ. ಗೊತ್ತಾಗ್ದೆ ಇರೋ ಕೈ ಇಟ್ಕಂಡು ಜನಕ್ಕೆ ಮಾಲು ಕೊಡೋದು ಮೋಸ” ಎಂದ. ಮನೆಯಲ್ಲಿ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ. ಮಾತ್ರೆಯನ್ನು ಅಂಗಡಿಯ ಸ್ಕ್ರೂ ಡಬ್ಬಿಯಲ್ಲಿ ಇಟ್ಟುಕೊಂಡು ನುಂಗುತ್ತಿದ್ದ. ಅವತ್ತಿನಿಂದ ಬೆಳಿಗ್ಗೆ ಕಾಫಿ ಬಂದರೆ ಮೊದಲು ಲೋಟವನ್ನು ಅಂಗೈಯಲ್ಲಿ ಅದುಮಿ ಹಿಡಿದು, ಸುಟ್ಟರೆ ಸಮಾಧಾನದಿಂದ ಕುಡಿಯುತ್ತಿದ್ದ. ಅಷ್ಟು ಧೈರ್ಯದ ಮನುಷ್ಯ ಒಂದು ಸ್ಟೀಲ್ ಲೋಟಕ್ಕೆ ಹೆದರುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಏಪ್ರಿಲ್ ಎರಡನೆಯ ವಾರದಲ್ಲಿ ಅಜ್ಜಂಪುರದಿಂದ ಶ್ರೀಜಾ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಮದುವೆ ವಿಡಿಯೋ ಮಾಡುವ ಸ್ಟುಡಿಯೋ ಇಟ್ಟಿದ್ದಾಳೆ. ಅವಳಿಗೆ ಎರಡು ಕಂಪ್ಯೂಟರ್ ಬೇಕಿತ್ತು, ಒಂದು ಎಡಿಟಿಂಗಿಗೆ, ಇನ್ನೊಂದು ಆಲ್ಬಂ ಕೆಲಸಕ್ಕೆ. ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ಹಾಕೋಣ, ಯಾವುದು ಮೇಲೋ ಅದು ಎಡಿಟಿಂಗಿಗೆ ಎಂದು ತೀರ್ಥಪ್ಪ ತೀರ್ಮಾನ ಮಾಡಿದ. ಪರೀಕ್ಷೆಗೆ ಅವಳೇ ತೆಗೆದಿದ್ದ ಬುಕ್ಕಾಂಬುಧಿಯ ಮದುವೆಯೊಂದರ ವಿಡಿಯೋ ತಂದಿದ್ದಳು. ಕೆಂಪಿನದು ಹಿಂದಿನ ದಿನವೇ ಮುಗಿದಿತ್ತು. ಮೂವತ್ತೆಂಟು ನಿಮಿಷ, ನಾಲ್ಕು ನಮಃಶಿವಾಯ.

ನೀಲಿಯನ್ನು ಇವನು ಅವತ್ತು ಬೆಳಿಗ್ಗೆ ಜೋಡಿಸಿದ. ಅದಕ್ಕೆ ದೊಡ್ಡದೊಂದು ಹೊಸ ಹೀಟ್‌ಸಿಂಕು ತರಿಸಿದ್ದ. ಶಾಖ ಸರಾಗವಾಗಿ ದಾಟಲೆಂದು ಪ್ರೊಸೆಸರ್ ಮೇಲೆ ಹಚ್ಚುವ ಬಿಳಿಯ ಪೇಸ್ಟಿನಿಂದ ಎಂದಿನಂತೆ ಮೂರು ಬೆರಳಿನಲ್ಲಿ, ವಿಭೂತಿಯ ಹಾಗೆ ಮೂರು ಅಡ್ಡ ಪಟ್ಟೆ ಎಳೆದ. ನಮ್ಮ ಮನೆಯಲ್ಲಾದರೆ ಉದ್ದ ಎಳೆಯುತ್ತೇವೆ ಎಂದು ನಾನು ಎಂದಿನಂತೆ ಛೇಡಿಸಿದೆ. ಹೀಟ್‌ಸಿಂಕನ್ನು ಬಾಗಿಲ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ನೋಡಿ, ಕೂರಿಸಿ ಸ್ಕ್ರೂ ಬಿಗಿದ. ವೇಗವನ್ನು ಡಬ್ಬಿಯಲ್ಲಿ ಹೇಳಿದ್ದಕ್ಕಿಂತ ಒಂದಿಷ್ಟು ಏರಿಸಿ, “ಏಳೂವರೆ ಮಾಡಿವ್ನಿ, ಬಿಡಮ್ಮ ಈಗ” ಎಂದ.

ಶ್ರೀಜಾ ವಿಡಿಯೋ ಓಡಿಸಿದಳು. ಡಿಗ್ರಿ ತೋರಿಸುವ ಸಾಫ್ಟ್‌ವೇರನ್ನೂ ನನ್ನ ಒತ್ತಾಯಕ್ಕೆ ಹಾಕಿಕೊಂಡಿದ್ದಳು. ಎರಡೇ ನಿಮಿಷದಲ್ಲಿ ಎಪ್ಪತ್ತು, ತೊಂಬತ್ತು, ನೂರು ಎಂದು ಏರಿತು. ಆಮೇಲೆ ಮಷೀನು ತನ್ನ ವೇಗವನ್ನು ತಾನೇ ಇಳಿಸಿಕೊಂಡು, ಏದುಸಿರು ಬಿಡುತ್ತಾ ತೆವಳತೊಡಗಿತು.

“ಅಂಕಲ್, ನೂರು ಡಿಗ್ರಿ ತೋರಿಸ್ತಿದೆ” ಎಂದಳು.

“ಅದು ಏನಾರ ಹೇಳ್ಕಳ್ಳಿ. ನಾನು ನೋಡ್ತೀನಿ” ಎಂದು ತೀರ್ಥಪ್ಪ ಅಂಗೈ ಇಟ್ಟ.

ಒಂದು ನಮಃಶಿವಾಯ ಆಯಿತು. ಮೂರಾಯಿತು, ಐದಾಯಿತು. ಕೈ ಅಲ್ಲೇ ಇತ್ತು. ಎಂಟಕ್ಕೆ ಇನ್ನಷ್ಟು ಬಲವಾಗಿ ಒತ್ತಿದ. ಹನ್ನೆರಡಕ್ಕೆ ನಿಲ್ಲಿಸಿ ಎಡಗೈ ಇಟ್ಟ, ಅಲ್ಲೂ ಅಷ್ಟೇ. ಕಣ್ಣು ತೆರೆದು ಪರದೆಯ ಕಡೆ ನೋಡದೆ ನನ್ನ ಕಡೆ ನೋಡಿದ.

“ಮೇಷ್ಟ್ರೇ, ನಂಗೇನೂ ಗೊತ್ತಾಗ್ತಾ ಇಲ್ಲ” ಎಂದ.

ನೂರು ಡಿಗ್ರಿಯ ಮೇಲೆ ಕೈ ಇಟ್ಟುಕೊಂಡು ಏನೂ ಗೊತ್ತಾಗುತ್ತಿಲ್ಲ ಎಂದರೆ ಇನ್ನೇನು ಉಳಿಯಿತು. ಅದೇ ಬೆಳಿಗ್ಗೆ ಕಾಫಿ ಲೋಟ ಸುಟ್ಟು ಅವನು ಕೈ ಬದಲಿಸಿದ್ದು ಅವನಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ. ಹೆದರಿದವರಿಗೆ ಬುದ್ಧಿ ಎಲ್ಲಿರುತ್ತದೆ. ನಮ್ಮಲ್ಲಿ ಒಬ್ಬರಿಗೂ ಆ ಲೋಹವನ್ನು ಮುಟ್ಟಿ ನೋಡೋಣ ಎನ್ನಿಸಲಿಲ್ಲ. ಪರದೆಯ ಮೇಲೆ ನೂರು ಎಂದು ಕೆಂಪಕ್ಷರದಲ್ಲಿ ಬರೆದಿದ್ದನ್ನು ಮುಟ್ಟುವ ಧೈರ್ಯ ವಿದ್ಯಾವಂತರಿಗೆ ಬರುವುದಿಲ್ಲ.

ತೀರ್ಥಪ್ಪ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಕುರ್ಚಿಯಲ್ಲಿ ಕೂತ. “ಶ್ರೀಜಮ್ಮ, ಕೆಂಪಿಂದು ತಗಂಡೋಗು. ಇನ್ನೊಂದನ್ನ ಶಿವಮೊಗ್ಗದಲ್ಲಿ ಯಾರ ಹತ್ರಾನಾದ್ರೂ ಕೂರಿಸ್ಕೋ” ಎಂದ. ಇಪ್ಪತ್ತು ವರ್ಷದಲ್ಲಿ ಅವನ ಬಾಯಲ್ಲಿ ಶಿವಮೊಗ್ಗದ ಹೆಸರು ಬಂದಿದ್ದು ಬೈಯುವುದಕ್ಕೆ ಮಾತ್ರ. ಆಮೇಲೆ ಎದ್ದು ಹೋಗಿ, ಹಾಡುಹಗಲಲ್ಲಿ, ಶಟರನ್ನು ಅರ್ಧಕ್ಕೆ ಎಳೆದ. ಕಾಯಿಲೆಯ ವಿಷಯ ಗೊತ್ತಿಲ್ಲದ ಶ್ರೀಜಾ ನನ್ನ ಮುಖ ನೋಡಿದಳು. ವಿಡಿಯೋ ಹೇಗಾದರೂ ಮುಗಿಯಲಿ ಎಂದು ಮಷೀನನ್ನು ಹಾಗೇ ಬಿಟ್ಟಿದ್ದಳು.

ನಾನು ಕೊಟ್ಟ ಮಾತು ಮುರಿದೆ. ಹೊರಗೆ ಹೋಗಿ ಗುರುಶಾಂತಮ್ಮನವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಕಾಲು ಗಂಟೆಯಲ್ಲಿ ಅವರು ಊಟದ ಕ್ಯಾರಿಯರ್ ಹಿಡಿದು ಆಟೋದಿಂದ ಇಳಿದರು. ಶಟರಿನ ಕೆಳಗೆ ಬಗ್ಗಿ ಒಳಗೆ ಬಂದವರು ಅಳುತ್ತಾರೇನೋ ಎಂದು ನಾನು ಕಾದಿದ್ದೆ.

“ಸ್ಕ್ರೂ ಡಬ್ಬೀಲಿ ಮಾತ್ರೆ ಇಟ್ಕಂಡಿದ್ರಂತೆ” ಎಂದರು ಗಂಡನಿಗೆ. “ಸ್ಕ್ರೂ ನುಂಗಿಲ್ಲ ತಾನೇ? ಕಣ್ಣು ಬೇರೆ ಕಾಣಲ್ಲ.”

ತೀರ್ಥಪ್ಪ ತಲೆ ಎತ್ತಲಿಲ್ಲ. “ಕೈ ಹೋಯ್ತು ಕಣೇ” ಎಂದ.

“ಯಾವುದನ್ನ ಮುಟ್ಟಿದ್ರಿ, ತೋರ್ಸಿ” ಎಂದು ಅವರು ಮೇಜಿನ ಹತ್ತಿರ ಬಂದರು. ಶ್ರೀಜಾ ಬೆರಳು ತೋರಿಸಿದಳು. ಬೇಡ, ನೂರು ಡಿಗ್ರಿ ಇದೆ ಎಂದು ನಾನು ಹೇಳುವಷ್ಟರಲ್ಲಿ ಗುರುಶಾಂತಮ್ಮನವರು ಹೀಟ್‌ಸಿಂಕಿನ ಮೇಲೆ ಕೈ ಇಟ್ಟಾಗಿತ್ತು. ದಿನಾ ಬೆಳಿಗ್ಗೆ ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುವ ಕೈ ಅದು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

“ನಂಗೂ ಏನೂ ಗೊತ್ತಾಗ್ತಿಲ್ವಲ್ಲ” ಎಂದರು.

ತೀರ್ಥಪ್ಪ ಗಾಬರಿಯಿಂದ ಎದ್ದು ನಿಂತ. “ನಿಂಗೂ ಸಕ್ರೆ ಕಾಯ್ಲೆ ಬಂತೇನೇ?”

ಆಗ ನಾನು ಮುಟ್ಟಿದೆ. ಶ್ರೀಜಾಳೂ ಮುಟ್ಟಿದಳು. ಏಪ್ರಿಲ್ ಮಧ್ಯಾಹ್ನ ಅಂಗಡಿಯೊಳಗೆ ಎಷ್ಟು ಸೆಕೆಯಿತ್ತೋ ಅಷ್ಟೇ ಬಿಸಿ ಆ ಲೋಹಕ್ಕೂ ಇತ್ತು. ನಮ್ಮ ಮೈಯದೂ ಅಷ್ಟೇ ಬಿಸಿ. ಯಾರ ಕೈಗಾದರೂ ಗೊತ್ತಾಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಪರದೆಯೂ ಸುಳ್ಳು ಹೇಳುತ್ತಿಲ್ಲ, ತೀರ್ಥಪ್ಪನ ಕೈಯೂ ಸುಳ್ಳು ಹೇಳುತ್ತಿಲ್ಲ. ಒಳಗೆ ಪ್ರೊಸೆಸರು ಬೇಯುತ್ತಿದೆ, ಅದರ ಶಾಖ ಹೊರಗಿನ ಲೋಹಕ್ಕೆ ದಾಟುತ್ತಿಲ್ಲ.

“ಸರ್, ಉಷ್ಣ ವಹನ. ಪಿಯುಸಿಯಲ್ಲಿ ನೀವೇ ಪಾಠ ಮಾಡಿದ್ರಿ” ಎಂದಳು ಶ್ರೀಜಾ. ಆ ಹುಡುಗಿಗೆ ನಾನು ಅಂದು ಇನ್ನೂ ಎರಡು ಅಂಕ ಕಡಿಮೆ ಕೊಡಬೇಕಾಗಿತ್ತು.

ಮಷೀನು ಆರಿಸಿ, ಹೀಟ್‌ಸಿಂಕು ಬಿಚ್ಚಿ ತೀರ್ಥಪ್ಪನ ಕೈಗೆ ಕೊಟ್ಟಳು. ಅವನು ಅದರ ತಳವನ್ನು ಕಣ್ಣಿನ ಹತ್ತಿರ ತಂದು ನೋಡಿದ. “ಏನೂ ಇಲ್ವಲ್ಲ, ನೈಸಾಗೈತೆ” ಎಂದ. ನಮಗೆಲ್ಲ ಕಾಣುತ್ತಿತ್ತು, ಅವನ ಬೆರಳೇ ಹುಡುಕಲಿ ಎಂದು ಬಿಟ್ಟೆವು. ಅಷ್ಟರಲ್ಲಿ ಅವನ ಹೆಬ್ಬೆರಳು ಅಂಚಿನಲ್ಲಿ ಒಂದು ಕಡೆ ನಿಂತಿತು. ಉಗುರು ಕೊಟ್ಟು ಎಬ್ಬಿಸಿದ. ಪೇಸ್ಟು ಮೆತ್ತಿದ್ದ ಗಾಜಿನಂಥ ಪ್ಲಾಸ್ಟಿಕ್ ಹಾಳೆಯೊಂದು ಸರ್ರನೆ ಕಿತ್ತು ಬಂತು. ಹೊಸ ಮಾಲಿಗೆ ಗೀರು ಬೀಳದಿರಲೆಂದು ಅಂಟಿಸಿ ಕಳಿಸುವ ಹಾಳೆ ಅದು.

“ಇದ್ರ ಮೇಲೆ ಏನೋ ಬರ್ದಂಗೈತಲ್ಲಮ್ಮ. ಏನದು?” ಎಂದು ಶ್ರೀಜಾಳನ್ನು ಕೇಳಿದ.

“ಕೂರಿಸೋ ಮುಂಚೆ ಇದನ್ನ ತೆಗೀರಿ ಅಂತ, ಅಂಕಲ್.”

ತೀರ್ಥಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ ನಗಲು ಶುರುಮಾಡಿದ. ಇಪ್ಪತ್ತು ವರ್ಷದಲ್ಲಿ ಮಾಡದ ತಪ್ಪನ್ನು ಮಾಡಿ ಸಿಕ್ಕಿಬಿದ್ದ ಮನುಷ್ಯ ಅಷ್ಟು ಖುಷಿಪಟ್ಟಿದ್ದನ್ನು ನಾನು ಕಂಡಿಲ್ಲ. “ಕಣ್ಣು ಹೋಗಿರೋದು ಮೇಷ್ಟ್ರೇ, ಕಣ್ಣು” ಎಂದು ಎರಡು ಸಲ ಹೇಳಿದ, ಮಗ ಪಾಸಾದ ಎಂದು ಹೇಳುವಂತೆ.

“ಅದನ್ನ ಐದು ವರ್ಷದಿಂದ ಬಡ್ಕಂತಾ ಇವ್ನಿ” ಎಂದರು ಗುರುಶಾಂತಮ್ಮ. “ಇವತ್ತು ಸಾಯಂಕಾಲ ಕನ್ನಡಕದಂಗಡಿ. ಮಾತ್ರೆ ಇನ್ಮೇಲೆ ನನ್ನ ಕೈಲಿ. ತಿಂಗ್ಳಿಂದ ಒಳಗೊಳಗೇ ಬೇಯ್ತಾ ಇದ್ರಿ, ಹೊರಗೆ ಒಂದು ಮಾತಿಲ್ಲ. ಈ ಮಷೀನೂ ನೀವೂ ಒಂದೇ.” ಮುಖ ನಮಗೆ ಕಾಣಬಾರದೆಂದು ಬಗ್ಗಿ ಕ್ಯಾರಿಯರಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

ಆದರೂ ತೀರ್ಥಪ್ಪನಿಗೆ ಪೂರ್ತಿ ಸಮಾಧಾನವಾಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ತಣ್ಣಗಿದ್ದದ್ದು ಗೊತ್ತಾಗದೆ ಇದ್ದದ್ದು ಸರಿ. ಬಿಸಿಯಾದದ್ದು ಗೊತ್ತಾಗಬೇಕಲ್ಲ. ಕಾಫಿ ತರಿಸಿ ಲೋಟ ಮುಟ್ಟು ಎಂದೆ. ತಲೆ ಅಲ್ಲಾಡಿಸಿದ. ಗಿಡ್ಡಪ್ಪನ ಕಾನೂನಿನ ಪ್ರಕಾರ ಓಡಿದ ಮಾಲಿನ ಮೇಲೇ ಇಡಬೇಕು. ಮತ್ತೆ ಮೂರು ಪಟ್ಟೆ ಎಳೆದ, ಹೀಟ್‌ಸಿಂಕು ಕೂರಿಸಿದ, ಸ್ಕ್ರೂ ಬಿಗಿದ. ಕೊನೆಯ ಸ್ಕ್ರೂ ಜಾರಿ ಬಿತ್ತು, ಅದನ್ನು ಹೆಕ್ಕಿ ಶ್ರೀಜಾ ಬಿಗಿದಳು.

ವಿಡಿಯೋ ಶುರುವಾಯಿತು. ಈ ಸಲ ಡಿಗ್ರಿ ಎಂಬತ್ತರ ಹತ್ತಿರ ಹೋಗಿ ನಿಂತುಕೊಂಡಿತು, ವೇಗ ಇಳಿಯಲಿಲ್ಲ. ಆ ಮದುವೆ ಮೂವತ್ತನಾಲ್ಕು ನಿಮಿಷಕ್ಕೆ ಮುಗಿಯಿತು, ಕೆಂಪಿಗಿಂತ ನಾಲ್ಕು ನಿಮಿಷ ಬೇಗ. ಆದರೂ ಅಜ್ಜಂಪುರದ ಸೆಕೆಗೆ ನಾಲ್ಕು ನಮಃಶಿವಾಯದ ಕೆಂಪೇ ಮೇಲು ಎಂದು ಆಮೇಲೆ ತೀರ್ಥಪ್ಪ ತೀರ್ಪು ಕೊಟ್ಟ, ಶ್ರೀಜಾ ಅದನ್ನೇ ಎಡಿಟಿಂಗಿಗೆ ಇಟ್ಟುಕೊಂಡಳು, ನೀಲಿಯ ವೇಗವನ್ನು ಏಳೂವರೆಯಿಂದ ಮತ್ತೆ ಐದಕ್ಕಿಳಿಸಿ ಆಲ್ಬಂ ಕೆಲಸಕ್ಕೆ ಹಾಕಿಕೊಂಡಳು. ಅದೆಲ್ಲ ಆಮೇಲಿನ ಮಾತು. ಆ ಹೊತ್ತಿನಲ್ಲಿ ನಮ್ಮ ಯಾರಿಗೂ ಮದುವೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎನ್ನುವುದು ಬೇಕಿರಲಿಲ್ಲ.

ಹತ್ತು ನಿಮಿಷ ಓಡಿದ ಮೇಲೆ ತೀರ್ಥಪ್ಪ ಎದ್ದ. ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಕಣ್ಣು ಮುಚ್ಚಿ, ಹೀಟ್‌ಸಿಂಕಿನ ಬುಡಕ್ಕೆ ಕೈ ಒತ್ತಿ ಶುರುಮಾಡಿದ. ಮೂವತ್ತೆರಡು ವರ್ಷ ಡಿಗ್ರಿ ಪಾಠ ಮಾಡಿದ ನಾನೂ ಮನಸ್ಸಿನಲ್ಲಿ ಅವನ ಜೊತೆ ಹೇಳಿದೆ. ಒಂದಾಯಿತು. ಎರಡಾಯಿತು. ಮೂರನೆಯದು ಅರ್ಧ ಬಾಯಲ್ಲಿರುವಾಗಲೇ ಕೈ ಕಿತ್ತುಕೊಂಡು ಕೊಡವಿದ.

ಅವನು ಮತ್ತೆ ಕೈ ಇಟ್ಟ. ಮತ್ತೆ ಕಿತ್ತ. ಮೂರನೆಯ ಸಲವೂ ಇಡಲು ಹೋದಾಗ ಗುರುಶಾಂತಮ್ಮನವರು, “ಸಾಕು ಬಿಡ್ರಿ, ಬೊಬ್ಬೆ ಬರ್ತೈತೆ” ಎಂದು ಅವನ ಮಣಿಕಟ್ಟು ಹಿಡಿದರು.

ತೀರ್ಥಪ್ಪ ಕೆಂಪಗಾಗಿದ್ದ ಅಂಗೈಯನ್ನು ಬಿಡಿಸಿ ಹೆಂಡತಿಯ ಮುಂದೆ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು.

“ಸುಡ್ತಾ ಐತೆ ಕಣೇ” ಎಂದ.